ಡಬ್ಲ್ಯೂಎಸ್‌ಜೆಟಿ-ಎಕ್ಸ್: ಪ್ರತಿ ಹ್ಯಾಮ್ (ಹವ್ಯಾಸಿ ರೇಡಿಯೋ ಬಳಕೆದಾರ) ಹಾಕಿಕೊಳ್ಳಬೇಕಾದ ಸಾಫ್ಟ್‌ವೇರ್

ಮಹಡಿ ಮೇಲೆ ಕಟ್ಟಿದ ಸಾದಾ ತಂತಿ, 5 ವ್ಯಾಟ್ ರೇಡಿಯೋ. ಇಷ್ಟರಲ್ಲೇ ಮೈಸೂರಿನಿಂದ ಜಪಾನಿನವರ ಜೊತೆ ಸಂಪರ್ಕ ಸಿಕ್ಕಿತು ಅಂದರೆ ರೇಡಿಯೋಗೆ ಜೋಡಿಸಿದ ಕಂಪ್ಯೂಟರಿನಲ್ಲಿ ಓಡುವ ಈ ಸಾಫ್ಟ್‌ವೇರೇ ಕಾರಣ. 14.074 ಮೆಗಾಹರ್ಟ್ಜ್‌ಗೆ ಟ್ಯೂನ್ ಮಾಡಿ ಎಫ್‌ಟಿ8 (ಪುಟ್ಟ ಸಂದೇಶಗಳನ್ನು ಕಂಪ್ಯೂಟರ್ ಮೂಲಕ ಕಳಿಸಿ ಓದುವ ವಿಧಾನ) ಹಾಕಿ. ಪ್ರತಿ 15 ಸೆಕೆಂಡಿಗೂ ಪರದೆ ಮೇಲೆ ಹೊಸ ಕಾಲ್‌ಸೈನ್‌ಗಳು (ಪ್ರತಿ ಹ್ಯಾಮ್‌ನ ಗುರುತಿನ ಸಂಕೇತ) ಸಾಲಾಗಿ ಬೀಳುತ್ತವೆ. ಕಿವಿಗೆ ಕೇಳಿಸದ ಸಿಗ್ನಲ್ಲನ್ನೂ ಓದುತ್ತದೆ. ನಮ್ಮ ಕಾಲ್‌ಸೈನ್ ಇರುವ ಸಾಲು ಕೆಂಪಾಗಿ ಬಂತು ಅಂದರೆ ಯಾರೋ ಉತ್ತರ ಕೊಟ್ಟಿದ್ದಾರೆ. ಆ ಖುಷಿಯೇ ಬೇರೆ!

ಇದನ್ನು ಶುರು ಮಾಡಿದವರು ಜೋ ಟೇಲರ್. 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಸ್ಟೀವ್ ಫ್ರಾಂಕೆ ಜೊತೆ ಸೇರಿ 2017ರಲ್ಲಿ ಎಫ್‌ಟಿ8 ತಂದರು. ಅಷ್ಟು ದೊಡ್ಡ ವಿಜ್ಞಾನಿ ನಮ್ಮಂಥ ಹವ್ಯಾಸಿಗಳಿಗಾಗಿ ಕೂತು ಕೋಡ್ ಬರೆಯುತ್ತಾರೆ ಅಂದರೆ ಸಣ್ಣ ಮಾತಲ್ಲ, ಅಲ್ವಾ? ಸಾಫ್ಟ್‌ವೇರ್ ಉಚಿತ, ಸೋರ್ಸ್ ಕೋಡೂ ಮುಕ್ತ. ಕೈಪಿಡಿಯನ್ನಂತೂ ಬಹಳ ಅಕ್ಕರೆಯಿಂದ ಬರೆದಿದ್ದಾರೆ.

ಸೆಟ್ಟಿಂಗ್ಸ್ ಮಾತ್ರ ಹೊಸಬರಿಗೆ ಸ್ವಲ್ಪ ಜಾಸ್ತಿಯೇ ಆಯಿತು. ಕಂಪ್ಯೂಟರ್ ಗಡಿಯಾರ ಸರಿಯಾಗಿರಲೇಬೇಕು, ಕೆಲವೇ ಸೆಕೆಂಡ್ ತಪ್ಪಿದರೂ ಏನೂ ಕಾಣಿಸುವುದಿಲ್ಲ. ಹರಟೆಗಂತೂ ಇದು ಆಗದು, ಸ್ವಂತ ಮಾತಿಗೆ ಸಿಗುವುದು 13 ಅಕ್ಷರ ಅಷ್ಟೇ. ಹರಟೆ ಬೇಕಿದ್ದರೆ ಮೈಕ್ ಹಿಡಿಯಿರಿ.