ಎಸ್ಸೆಸ್ಸೆಲ್ಸಿ ಆಯ್ತು: ಪಿಯುಸಿನಾ, ಡಿಪ್ಲೊಮಾನಾ, ಐಟಿಐನಾ?

ಡಾಕ್ಟರ್, ಲಾಯರ್, ಸಿಎ ಅಂತ ಮನಸ್ಸಲ್ಲಿದ್ದರೆ ಪಿಯುಸಿಯೇ ಸರಿ. ಏನೂ ತೀರ್ಮಾನ ಆಗದವರಿಗೂ ಅದೇ ವಾಸಿ. ಸೈನ್ಸ್ ತಗೊಂಡರೆ ಮಾತ್ರ ಕೋಚಿಂಗ್ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇಂಜಿನಿಯರಿಂಗೇ ಬೇಕು ಅನ್ನುವವರು ಡಿಪ್ಲೊಮಾ ಕಡೆ ಒಮ್ಮೆ ನೋಡಲೇಬೇಕು. ಮೂರು ವರ್ಷ ಮುಗಿಸಿ ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದರೆ ಬಿಇ ಎರಡನೇ ವರ್ಷಕ್ಕೇ ಸೇರಬಹುದು. ಪಿಯುಸಿ ದಾರಿಯಲ್ಲಿ ಪಿಯುಸಿ 2, ಬಿಇ 4; ಇಲ್ಲಿ ಡಿಪ್ಲೊಮಾ 3, ಬಿಇ 3. ಎರಡೂ ಆರೇ ವರ್ಷ, ಅಲ್ವಾ? ಆದರೆ ನಡುವೆ ಮನೆಯಲ್ಲಿ ದುಡ್ಡಿಗೆ ತೊಂದರೆಯಾದರೆ ಡಿಪ್ಲೊಮಾದವರು ಅಷ್ಟಕ್ಕೇ ನಿಲ್ಲಿಸಿ ಕೆಲಸಕ್ಕೆ ಸೇರಬಹುದು. ಬರೀ ಪಿಯುಸಿ ಅಂಕಪಟ್ಟಿ ಹಿಡಿದು ಅದು ಕಷ್ಟ. ಒಂದೇ ತಕರಾರು: ಹದಿನಾರಕ್ಕೇ ಬ್ರಾಂಚ್ ಆರಿಸಬೇಕು.

ಐಟಿಐ ಅಂದರೆ ನೆಂಟರು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ. ವೆಲ್ಡರ್ ಒಂದು ವರ್ಷ, ಫಿಟ್ಟರ್, ಎಲೆಕ್ಟ್ರಿಷಿಯನ್ ಎರಡು ವರ್ಷ. ಆಮೇಲೆ ಅಪ್ರೆಂಟಿಸ್ ಆದರೆ ಕಲಿಯುತ್ತಲೇ ಸ್ಟೈಪೆಂಡ್. ಎರಡು ವರ್ಷದ ಟ್ರೇಡ್ (ಕಸುಬಿನ ಕೋರ್ಸ್) ಮುಗಿಸಿದವರಿಗೆ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ. ಫಿಟ್ಟರ್ ಹುಡುಗರಿಗೆ ಮೊದಮೊದಲು ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಅಳತೆಗೆ ತರುವುದೇ ಕೆಲಸ. ಅರ್ಜಿ ಹಾಕುವ ಮೊದಲು ಹತ್ತಿರದ ಐಟಿಐ ವರ್ಕ್‌ಶಾಪಿಗೆ ಮಗ, ಮಗಳನ್ನು ಕರ್ಕೊಂಡು ಹೋಗಿ ಇದನ್ನು ತೋರಿಸಿ. ಬೇಜಾರಾಗುತ್ತೋ, ತಾವೂ ಮಾಡಬೇಕು ಅಂತ ಕೈ ತುರಿಸುತ್ತೋ ಅವರೇ ಹೇಳುತ್ತಾರೆ.