247ಸ್ಪೋರ್ಟ್ಸ್ ಚಂದಾ: ಹುಡುಗರ ಅಳತೆ ಸಿಗುತ್ತದೆ, ಕೋಚ್‌ಗಳ ಅಳತೆ ಹುಡುಕಿಕೊಳ್ಳಬೇಕು

ಅಮೆರಿಕದ ಯಾವ ಹೈಸ್ಕೂಲು ಹುಡುಗ ಯಾವ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಸೇರುತ್ತಾನೆ ಎಂಬುದನ್ನು ವರ್ಷವಿಡೀ ಬೆನ್ನಟ್ಟುವ ಸೇವೆಗಳಲ್ಲಿ 247ಸ್ಪೋರ್ಟ್ಸ್ ಮುಂಚೂಣಿಯದು. 2010ರಲ್ಲಿ ಶಾನನ್ ಟೆರಿ ಸ್ಥಾಪಿಸಿದ ಈ ಸಂಸ್ಥೆ 2015ರಿಂದ ಸಿಬಿಎಸ್ ಒಡೆತನದಲ್ಲಿದೆ. ತಿಂಗಳಿಗೆ ಸುಮಾರು ಹತ್ತು ಡಾಲರ್ ಚಂದಾ ಕಟ್ಟಿದರೆ ನಮಗೆ ಬೇಕಾದ ತಂಡದ ಒಳಸುದ್ದಿ ಓದಲು ಸಿಗುತ್ತದೆ. ನೆಬ್ರಾಸ್ಕಾ ರಾಜ್ಯದ ಒಮಾಹಾದಲ್ಲಿ ವಾಸವಾಗಿರುವ ನಾನು ಓದುವುದು ನೆಬ್ರಾಸ್ಕಾ ವಿಶ್ವವಿದ್ಯಾಲಯದ ತಂಡದ ವಿಭಾಗವನ್ನು. ಆದ್ದರಿಂದ ಈ ವಿಮರ್ಶೆ ಇಡೀ ದೇಶದ ವ್ಯಾಪ್ತಿಯದಲ್ಲ. ಸ್ಥಳೀಯ ಹುಡುಗ ತನ್ನ ರಾಜ್ಯದ ತಂಡದಲ್ಲೇ ಉಳಿಯುವುದರಲ್ಲಿ ಕೋಚ್‌ನ ಸ್ವಭಾವಕ್ಕೆ ಎಷ್ಟು ಪಾಲಿದೆ, ಮತ್ತು ಹಣ ಕೊಟ್ಟು ಓದುವವನಿಗೆ ಈ ಸೇವೆ ಅದನ್ನು ಎಷ್ಟರ ಮಟ್ಟಿಗೆ ತೋರಿಸಿಕೊಡುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ನೆಬ್ರಾಸ್ಕಾದಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. 2020ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆ 20 ಲಕ್ಷಕ್ಕೆ ತುಸು ಕಡಿಮೆ. ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ತಂಡವೊಂದೂ ಇಲ್ಲ. ವಿಶ್ವವಿದ್ಯಾಲಯದ ತಂಡ ಆಡುವ ಲಿಂಕನ್ ನಗರದ ಮೆಮೋರಿಯಲ್ ಸ್ಟೇಡಿಯಂನ ಟಿಕೆಟುಗಳು 1962ರಿಂದ ಪ್ರತಿ ಪಂದ್ಯಕ್ಕೂ ಪೂರ್ತಿ ಮಾರಾಟವಾಗುತ್ತಲೇ ಬಂದಿವೆ. ಅಂದರೆ ಅಭಿಮಾನಿಗಳಿಗೆ ಬರವಿಲ್ಲ, ಆಟಗಾರರಿಗೆ ಇದೆ. ದೊಡ್ಡ ಕಾಲೇಜುಗಳ ಕಣ್ಣಿಗೆ ಬೀಳುವಂಥ ಹುಡುಗರು ವರ್ಷಕ್ಕೆ ಬೆರಳೆಣಿಕೆಯಷ್ಟು ತಯಾರಾಗುವ ರಾಜ್ಯದಲ್ಲಿ ಒಬ್ಬ ಗಡಿ ದಾಟಿದರೂ ಅದು ವಾರಗಟ್ಟಲೆ ಚರ್ಚೆಯ ವಸ್ತು.

ಚಂದಾದಾರನಿಗೆ ಸಿಗುವ ಸಾಮಗ್ರಿಯ ವಿಷಯದಲ್ಲಿ ನನ್ನ ತಕರಾರು ಕಡಿಮೆ. ಪ್ರತಿ ಹುಡುಗನಿಗೂ ಒಂದು ಪುಟವಿದೆ. ಅವನ ಎತ್ತರ, ತೂಕ, ಶಾಲೆ, ಐದರವರೆಗಿನ ನಕ್ಷತ್ರಗಳ ಲೆಕ್ಕದ ರೇಟಿಂಗ್, ಸ್ಕಾಲರ್‌ಶಿಪ್ ಆಫರ್ ಕೊಟ್ಟ ಕಾಲೇಜುಗಳು, ಭೇಟಿ ನೀಡಿದ ದಿನಾಂಕಗಳು, ಕಮಿಟ್ ಆದದ್ದು (ಸೇರುತ್ತೇನೆಂದು ಮಾತು ಕೊಟ್ಟದ್ದು), ಮನಸ್ಸು ಬದಲಿಸಿದ್ದು ಎಲ್ಲವೂ ಕಾಲಾನುಕ್ರಮದಲ್ಲಿ ಸಿಗುತ್ತವೆ. ಬೇರೆ ಬೇರೆ ಸಂಸ್ಥೆಗಳ ರೇಟಿಂಗ್‌ಗಳನ್ನು ಒಟ್ಟುಗೂಡಿಸಿ ತೆಗೆಯುವ ‘ಕಾಂಪೋಸಿಟ್’ ಅಂಕಿಯನ್ನು ಎದುರಾಳಿ ಪತ್ರಕರ್ತರೂ ಉಲ್ಲೇಖಿಸುತ್ತಾರೆ. ಯಾವ ಹುಡುಗ ಎಲ್ಲಿಗೆ ಹೋಗಬಹುದು ಎಂಬ ವರದಿಗಾರರ ಊಹೆಗೆ ‘ಕ್ರಿಸ್ಟಲ್ ಬಾಲ್’ ಎಂಬ ಹೆಸರಿಟ್ಟು, ಊಹಿಸಿದವರ ಹೆಸರನ್ನೂ ಅವರಿಗಿರುವ ಭರವಸೆಯ ಮಟ್ಟವನ್ನೂ ಜೊತೆಗೇ ಪ್ರಕಟಿಸುತ್ತಾರೆ. ಊಹೆ ತಪ್ಪಿದರೆ ಅದೂ ಎಲ್ಲರ ಕಣ್ಣೆದುರಿಗೇ ಇರುತ್ತದೆ. ನಮ್ಮ ಚುನಾವಣಾ ಪಂಡಿತರಿಗೆ ಇಂಥ ವ್ಯವಸ್ಥೆ ಇದ್ದಿದ್ದರೆ ಚೆನ್ನಾಗಿತ್ತು.

ಆದರೆ ಇದರಲ್ಲಿ ಬಹುಪಾಲು ಚಂದಾ ಇಲ್ಲದೆಯೂ ಸಿಗುತ್ತದೆ. ಹಣ ಕೊಟ್ಟವನಿಗೆ ಹೆಚ್ಚುವರಿಯಾಗಿ ಸಿಗುವುದು ಹುಡುಗರ ಸಂದರ್ಶನಗಳು ಮತ್ತು ವರದಿಗಾರರ ಟಿಪ್ಪಣಿಗಳು, ಮತ್ತು ತೊಡಕಿರುವುದು ಅಲ್ಲಿಯೇ. ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ನಿಯಮದ ಪ್ರಕಾರ, ಹುಡುಗ ಕಾಲೇಜಿನೊಂದಿಗಿನ ಒಪ್ಪಂದಕ್ಕೆ ಸಹಿ ಹಾಕುವ ತನಕ ಕೋಚ್ ಅವನ ಬಗ್ಗೆ ಬಹಿರಂಗವಾಗಿ ಅಭಿಪ್ರಾಯ ಹೇಳುವಂತಿಲ್ಲ. ಹಾಗಾಗಿ ಕೋಚ್ ಎಂಥವರು ಎಂಬುದು ಓದುಗನನ್ನು ತಲುಪುವುದು ಹದಿನೇಳರ ಹುಡುಗನ ಬಾಯಿಂದ ಮಾತ್ರ. ಆ ವಯಸ್ಸಿನ ಹುಡುಗ, ತನಗೆ ಆಫರ್ ಕೊಟ್ಟಿರುವ ದೊಡ್ಡ ಮನುಷ್ಯರ ಬಗ್ಗೆ ಕಟುವಾಗಿ ಮಾತಾಡುವುದುಂಟೇ? ಎಲ್ಲ ಕಾಲೇಜಿನವರೂ ಮನೆಯವರಂತೆ ನೋಡಿಕೊಂಡರು, ಎಲ್ಲ ಕೋಚ್‌ಗಳೂ ಪ್ರಾಮಾಣಿಕರು, ಎಲ್ಲ ಕಡೆಯ ವಾತಾವರಣವೂ ಅದ್ಭುತ. ಹೆಸರು ತೆಗೆದರೆ ಒಂದು ಸಂದರ್ಶನವನ್ನು ಇನ್ನೊಂದರಿಂದ ಗುರುತಿಸುವುದು ಕಷ್ಟ.

ಇತಿಹಾಸ ನೋಡಿದರೆ ಕೋಚ್‌ನ ಸ್ವಭಾವವು ಸಣ್ಣ ಸಂಗತಿಯಲ್ಲ ಎಂಬುದು ಸ್ಪಷ್ಟ. 1973ರಿಂದ 1997ರವರೆಗೆ ನೆಬ್ರಾಸ್ಕಾದ ಮುಖ್ಯ ಕೋಚ್ ಆಗಿದ್ದ ಟಾಮ್ ಆಸ್ಬೋರ್ನ್ ಇದೇ ರಾಜ್ಯದ ಹೇಸ್ಟಿಂಗ್ಸ್ ಊರಿನವರು, ಶೈಕ್ಷಣಿಕ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು, ದನಿ ಏರಿಸದೆ ಮಾತಾಡುವುದಕ್ಕೆ ಹೆಸರಾದವರು. ಸ್ಕಾಲರ್‌ಶಿಪ್ ಇಲ್ಲದೆ, ಸ್ವಂತ ಖರ್ಚಿನಲ್ಲಿ ತಂಡ ಸೇರುವ ‘ವಾಕ್-ಆನ್’ ಹುಡುಗರನ್ನು ಸಣ್ಣ ಸಣ್ಣ ಊರುಗಳಿಂದ ಕರೆತಂದು, ವರ್ಷಗಟ್ಟಲೆ ಪಳಗಿಸಿ ಆಡಿಸುವ ಪದ್ಧತಿ ಅವರ ಕಾಲದಲ್ಲಿ ರಾಜ್ಯದ ಹೆಮ್ಮೆಯಾಗಿ ಬೆಳೆಯಿತು. ಮೂರು ರಾಷ್ಟ್ರೀಯ ಪ್ರಶಸ್ತಿಗಳ ಹಿಂದೆ ಆ ಹುಡುಗರ ಬೆವರೂ ಇದೆ. ಈ ಪದ್ಧತಿ ನಿಂತಿದ್ದುದು ಒಂದು ನಂಬಿಕೆಯ ಮೇಲೆ: ನಾಲ್ಕು ವರ್ಷ ಕಾಯಿರಿ ಎಂದು ಈ ಮನುಷ್ಯ ಹೇಳಿದರೆ ಆ ಮಾತಿಗೆ ಬೆಲೆಯಿದೆ ಎಂದು ರೈತಾಪಿ ಕುಟುಂಬಗಳು ನಂಬಿದ್ದವು.

2004ರಲ್ಲಿ ಬಂದ ಬಿಲ್ ಕ್ಯಾಲಹನ್ ಬೇರೆಯೇ ಜಾಯಮಾನದವರು. ಓಕ್‌ಲ್ಯಾಂಡ್ ರೇಡರ್ಸ್ ತಂಡವನ್ನು ವೃತ್ತಿಪರ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ವರೆಗೆ ಕೊಂಡೊಯ್ದ ಅವರು ವೃತ್ತಿಪರ ಲೀಗಿನ ಆಟದ ಶೈಲಿಯನ್ನೂ ವ್ಯವಹಾರ ಕ್ರಮವನ್ನೂ ತಂದರು, ದೇಶದ ಮೂಲೆಮೂಲೆಯಿಂದ ಹೆಚ್ಚು ನಕ್ಷತ್ರಗಳ ಹುಡುಗರನ್ನು ಆರಿಸತೊಡಗಿದರು. ವಾಕ್-ಆನ್ ಪದ್ಧತಿ ಸೊರಗಿತು. ಶ್ರೇಯಾಂಕ ಪಟ್ಟಿಗಳಲ್ಲಿ ತಂಡ ಮೇಲೇರಿತು, ಆದರೆ 2007ರಲ್ಲಿ ಗೆದ್ದದ್ದು ಐದು ಪಂದ್ಯ, ಸೋತದ್ದು ಏಳು. ಅವರನ್ನು ಮನೆಗೆ ಕಳುಹಿಸಿದವರು ಅಷ್ಟರಲ್ಲಿ ಕ್ರೀಡಾ ನಿರ್ದೇಶಕರಾಗಿ ಮರಳಿದ್ದ ಆಸ್ಬೋರ್ನ್ ಅವರೇ.

ಇಲ್ಲಿಂದ ಮುಂದೆ ಸರಳ ನೀತಿಪಾಠ ಕೆಲಸಕ್ಕೆ ಬರುವುದಿಲ್ಲ. ಮೃದು ಸ್ವಭಾವದ ಸಜ್ಜನರೆಂದು ಎಲ್ಲರೂ ಒಪ್ಪುತ್ತಿದ್ದ ಕೋಚ್ ಮೈಕ್ ರೈಲಿ ಅವರ ಅವಧಿಯಲ್ಲೇ, 2016ರಲ್ಲಿ, ಒಮಾಹಾ ಸೌತ್ ಹೈಸ್ಕೂಲಿನ ನೋವಾ ಫ್ಯಾಂಟ್ ಪಕ್ಕದ ಅಯೋವಾ ವಿಶ್ವವಿದ್ಯಾಲಯಕ್ಕೆ ಹೋದ. 2019ರಲ್ಲಿ ವೃತ್ತಿಪರ ಲೀಗಿನ ಮೊದಲ ಸುತ್ತಿನಲ್ಲೇ ಆಯ್ಕೆಯಾದ. 2018ರಲ್ಲಿ ಬಂದ ಸ್ಕಾಟ್ ಫ್ರಾಸ್ಟ್ ಅವರಂತೂ ವುಡ್ ರಿವರ್ ಎಂಬ ಪುಟ್ಟ ಊರಿನ ಮಗ, 1997ರ ಪ್ರಶಸ್ತಿ ಗೆದ್ದ ತಂಡದ ಆಟ ನಡೆಸಿದ ಕ್ವಾರ್ಟರ್‌ಬ್ಯಾಕ್. ಮನೆಮಗ ಬಂದ ಮೇಲೆ ಮನೆಯ ಹುಡುಗರು ಹೊರಗೆ ಹೋಗಲಾರರೆಂದು ರಾಜ್ಯವೇ ನಂಬಿತ್ತು. ಆದರೆ 2021ರ ತಂಡಕ್ಕೆ ಬೆಲ್‌ವ್ಯೂ ವೆಸ್ಟ್ ಹೈಸ್ಕೂಲಿನ ಕೀಗನ್ ಜಾನ್ಸನ್ ಆರಿಸಿಕೊಂಡದ್ದೂ ಅಯೋವಾವನ್ನೇ. ಅವನ ತಂದೆ ಆಸ್ಬೋರ್ನ್ ಕಾಲದಲ್ಲಿ ನೆಬ್ರಾಸ್ಕಾಕ್ಕೆ ಆಡಿದವರು. ಫ್ರಾಸ್ಟ್ 16 ಗೆಲುವು, 31 ಸೋಲುಗಳೊಂದಿಗೆ 2022ರ ಸೆಪ್ಟೆಂಬರ್‌ನಲ್ಲಿ ಹುದ್ದೆ ಕಳೆದುಕೊಂಡರು.

ಅತ್ತ ಅಯೋವಾದಲ್ಲಿ ಕರ್ಕ್ ಫೆರೆಂಟ್ಜ್ 1999ರಿಂದ ಮುಖ್ಯ ಕೋಚ್ ಕುರ್ಚಿಯಲ್ಲೇ ಇದ್ದಾರೆ. ಅವರ ಮಾತಿನಲ್ಲಿ ಥಳಕಿಲ್ಲ, ಅವರ ತಂಡದ ಆಟವನ್ನು ನೀರಸವೆಂದು ಗೇಲಿ ಮಾಡುವವರು ನೆಬ್ರಾಸ್ಕಾದಲ್ಲಿ ಬೇಕಾದಷ್ಟಿದ್ದಾರೆ. ಆದರೂ ಹುಡುಗನಿಗೂ ತಂದೆತಾಯಿಗೂ ಅಲ್ಲಿ ಒಂದು ಖಾತ್ರಿಯಿದೆ: ಇಂದು ಮಾತು ಕೊಟ್ಟವರು ಮಗ ಪದವಿ ಮುಗಿಸುವ ದಿನವೂ ಅಲ್ಲೇ ಇರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಸ್ಥಳೀಯ ಹುಡುಗರನ್ನು ಹಿಡಿದಿಡುವುದು ಕೋಚ್‌ನ ನಗುಮುಖವೂ ಅಲ್ಲ, ಹುಟ್ಟೂರೂ ಅಲ್ಲ. ಸ್ವಭಾವದಲ್ಲಿನ ಸ್ಥಿರತೆ ಹಾಗೂ ಹೈಸ್ಕೂಲು ಕೋಚ್‌ಗಳೊಂದಿಗೆ ಬೆಳೆದ ಒಡನಾಟ ಅವೆರಡಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ.

ಈ ಒಡನಾಟದ ಸುಳಿವು ಹಿಡಿಯಲು 247ಸ್ಪೋರ್ಟ್ಸ್‌ನಲ್ಲಿ ಒಂದು ಒಳ್ಳೆಯ ಸೌಲಭ್ಯವಿದೆ. ಹುಡುಗನ ಪುಟದಲ್ಲಿ ಆಸಕ್ತಿ ತೋರಿದ ಕಾಲೇಜುಗಳ ಜೊತೆಗೆ, ಅವನ ಬೆನ್ನು ಹತ್ತಿದ ಸಹಾಯಕ ಕೋಚ್‌ಗಳ ಹೆಸರುಗಳಿರುತ್ತವೆ. ಒಂದೇ ಹೈಸ್ಕೂಲಿನ ಕೆಲವು ವರ್ಷಗಳ ಹುಡುಗರ ಪುಟಗಳನ್ನು ಸಾಲಾಗಿ ತೆರೆದು ಈ ಹೆಸರುಗಳನ್ನಷ್ಟೇ ನೋಡಬೇಕು. ಹೊರಗಿನ ಕಾಲೇಜಿನ ಒಬ್ಬರದೇ ಹೆಸರು ವರ್ಷ ವರ್ಷವೂ ಮರುಕಳಿಸುತ್ತಿದ್ದು, ನಮ್ಮ ಕಾಲೇಜಿನ ಕಡೆ ಪ್ರತಿಸಲವೂ ಹೊಸ ಹೆಸರಿದ್ದರೆ, ಆ ಶಾಲೆಯ ಕೋಚ್ ಮೊದಲು ಯಾರಿಗೆ ಫೋನ್ ಮಾಡುತ್ತಾರೆಂದು ಊಹಿಸಲು ಕ್ರಿಸ್ಟಲ್ ಬಾಲ್ ಬೇಕಾಗಿಲ್ಲ. ಚಂದಾದಾರರಿಗಷ್ಟೇ ಸಿಗುವ ಸಂದರ್ಶನಗಳೆಲ್ಲಕ್ಕಿಂತ ಈ ಸಾಲು ನನಗೆ ಹೆಚ್ಚು ಕಲಿಸಿದೆ, ಮತ್ತು ಅದು ಉಚಿತ.

2022ರ ನವೆಂಬರ್‌ನಲ್ಲಿ ಫ್ರಾಸ್ಟ್ ಜಾಗಕ್ಕೆ ನೇಮಕವಾದ ಮ್ಯಾಟ್ ರೂಲ್ ಅವರನ್ನೂ ಈ ದೃಷ್ಟಿಯಿಂದಲೇ ನೋಡಬೇಕು. ಅವರು ನೆಬ್ರಾಸ್ಕಾದವರಲ್ಲ. ಹಿಂದೆ ಟೆಕ್ಸಾಸ್‌ನ ಬೇಯ್ಲರ್ ವಿಶ್ವವಿದ್ಯಾಲಯಕ್ಕೆ ಹೋದಾಗಲೂ ಅವರು ಹೊರಗಿನವರೇ. ಆದರೆ ಹೋದೊಡನೆ ಸೀಡರ್ ಹಿಲ್ ಹೈಸ್ಕೂಲಿನ ಕೋಚ್ ಜೋಯಿ ಮೆಗ್ವಾಯರ್ ಸೇರಿದಂತೆ ಆ ರಾಜ್ಯದ ಶಾಲಾ ಕೋಚ್‌ಗಳನ್ನೇ ತಮ್ಮ ಸಿಬ್ಬಂದಿಗೆ ಸೇರಿಸಿಕೊಂಡರು. ತಮಗೆ ಪರಿಚಯವಿಲ್ಲದ ನೆಲದಲ್ಲಿ ಪರಿಚಯವಿದ್ದವರ ಕೈ ಹಿಡಿದು ನಡೆದದ್ದು ಜಾಣತನವೇ ಸರಿ. ನೆಬ್ರಾಸ್ಕಾದಲ್ಲಿ ಅವರ ಆರಂಭದ ಗೆಲುವುಗಳಲ್ಲಿ ಒಂದು ಮೈದಾನದ ಹೊರಗಿನದು: ಎಂಟೆಂಟು ಆಟಗಾರರ ತಂಡಗಳು ಆಡುವಷ್ಟು ಚಿಕ್ಕ ಊರಾದ ಐನ್ಸ್‌ವರ್ತ್‌ನ ಕಾರ್ಟರ್ ನೆಲ್ಸನ್, ದೇಶದ ದೊಡ್ಡ ಕಾಲೇಜುಗಳು ಕಣ್ಣಿಟ್ಟಿದ್ದರೂ 2023ರ ಬೇಸಿಗೆಯಲ್ಲಿ ತನ್ನ ರಾಜ್ಯವನ್ನೇ ಆರಿಸಿಕೊಂಡ. ಸೇವೆಯ ವರದಿಗಾರಿಕೆ ಆಗ ನಿಜಕ್ಕೂ ಚೆನ್ನಾಗಿತ್ತು. ಹನ್ನೊಂದು ಜನರ ಆಟ ಆಡದ ಹುಡುಗನಿಗೆ ನಾಲ್ಕು ನಕ್ಷತ್ರ ಕೊಡುವ ಧೈರ್ಯವನ್ನೂ ಮೆಚ್ಚಬೇಕು.

ಕೋಚ್‌ಗಳ ವ್ಯಕ್ತಿತ್ವವು ಸುದ್ದಿಯಾಗುವುದು ಹೆಚ್ಚಾಗಿ ಅದು ನಾಟಕೀಯವಾದಾಗ. 2016ರ ಜನವರಿಯಲ್ಲಿ ಮಿಷಿಗನ್‌ನ ಆಗಿನ ಕೋಚ್ ಜಿಮ್ ಹಾರ್ಬಾ ಅದೇ ರಾಜ್ಯದ ಕಿಕ್ಕರ್ (ಚೆಂಡು ಒದೆಯುವ ಆಟಗಾರ) ಕ್ವಿನ್ ನಾರ್ಡಿನ್‌ನ ಮನೆಯಲ್ಲಿ ರಾತ್ರಿ ತಂಗಿದರು. ಪೆನ್ ಸ್ಟೇಟ್‌ಗೆ ಮಾತು ಕೊಟ್ಟಿದ್ದ ಹುಡುಗ ಕೊನೆಗೆ ಮಿಷಿಗನ್‌ಗೆ ಸಹಿ ಹಾಕಿದ. ವಸಂತ ಋತುವಿನಲ್ಲಿ ಮುಖ್ಯ ಕೋಚ್‌ಗಳು ಶಾಲೆಗಳಿಗೆ ಹೋಗದಂತೆ 2008ರಲ್ಲಿ ತಂದ ನಿರ್ಬಂಧವನ್ನು ಜನ ಇಂದಿಗೂ ಕರೆಯುವುದು ‘ಸೇಬನ್ ನಿಯಮ’ ಎಂದೇ. ಅಲಬಾಮಾದ ಆಗಿನ ಕೋಚ್ ನಿಕ್ ಸೇಬನ್ ಅಷ್ಟು ಪಟ್ಟುಬಿಡದೆ ಶಾಲೆಗಳನ್ನು ಸುತ್ತುತ್ತಿದ್ದರು. ಮನೆಭೇಟಿ ಎನ್ನುವುದು ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರದಂತೆಯೇ: ಹುಡುಗನನ್ನು ಕೇಳುವ ಪ್ರಶ್ನೆಗಳು ನಾಲ್ಕಾದರೆ, ತಾಯಿಯ ಅಡುಗೆಗೆ ಹೊಗಳಿಕೆ ಹತ್ತು. ಸೇವೆಯವರು ಇಂಥ ಕಥೆಗಳನ್ನು ಲವಲವಿಕೆಯಿಂದ ಬರೆಯುತ್ತಾರೆ, ಓದುವುದಕ್ಕೆ ಚೆನ್ನಾಗಿಯೂ ಇರುತ್ತವೆ.

ಕೋಚ್‌ಗಳನ್ನೇ ಅಳೆಯುವ ‘ರಿಕ್ರೂಟರ್ ರ‍್ಯಾಂಕಿಂಗ್’ ಮಾತ್ರ ನನಗೆ ಒಪ್ಪಿಗೆಯಾಗದ ಭಾಗ. ಅದರ ಲೆಕ್ಕ ನಿಂತಿರುವುದು ಕೋಚ್ ತಂದ ಹುಡುಗರ ರೇಟಿಂಗ್ ಮೇಲೆ. ಜಾರ್ಜಿಯಾದಿಂದ ಒಬ್ಬ ಐದು ನಕ್ಷತ್ರದವನನ್ನು ತಂದವರು ಪಟ್ಟಿಯಲ್ಲಿ ಮೇಲೇರುತ್ತಾರೆ. ಹಳ್ಳಿ ಶಾಲೆಗಳ ಬಾಗಿಲು ತಟ್ಟಿ ರೇಟಿಂಗೇ ಇಲ್ಲದ ವಾಕ್-ಆನ್ ಹುಡುಗರನ್ನು ಕರೆತಂದವರ ಶ್ರಮಕ್ಕೆ ಅಲ್ಲಿ ಅಂಕವಿಲ್ಲ. ಈಗ ಆ ಶ್ರಮಕ್ಕೆ ಜಾಗವೂ ಕುಗ್ಗುತ್ತಿದೆ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ‘ಹೌಸ್’ ಒಪ್ಪಂದದಿಂದ (ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ಮೊಕದ್ದಮೆಯ ರಾಜಿ), ಅದಕ್ಕೆ ಒಳಪಟ್ಟ ಕಾಲೇಜುಗಳ ಫುಟ್‌ಬಾಲ್ ತಂಡಕ್ಕೆ 105 ಆಟಗಾರರ ಮಿತಿ ಬಂದಿದೆ. ನೆಬ್ರಾಸ್ಕಾದ ತಂಡ ಹಿಂದೆ ಈ ಸಂಖ್ಯೆಯನ್ನು ಸುಲಭವಾಗಿ ಮೀರುತ್ತಿತ್ತು. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದಾಗಿದೆ, ಕಾಲೇಜು ಬದಲಿಸುವುದೂ ಸಲೀಸಾಗಿದೆ. ಇಂಥ ಹೊತ್ತಿನಲ್ಲಿ ಕೋಚ್‌ನ ಸ್ವಭಾವಕ್ಕೆ ಬೆಲೆ ಉಳಿದಿದೆಯೇ ಎಂದು ಕೇಳುವವರಿದ್ದಾರೆ. ಕಾಲೇಜುಗಳ ಕಡೆಯಿಂದ ಸಿಗುವ ಮೊತ್ತಗಳು ಸರಿಸುಮಾರು ಸಮನಾದಾಗ ಉಳಿಯುವುದು ಅದೊಂದೇ ಎಂಬುದು ನನ್ನ ಉತ್ತರ; ನಾಲ್ಕು ವರ್ಷ ಕಾಯುವ ತಾಳ್ಮೆ ಯಾರಿಗೂ ಇಲ್ಲವಾದಾಗ ಅದು ಇನ್ನಷ್ಟು ದುಬಾರಿಯಾದೀತು.

ಅಮೆರಿಕದ ಹೈಸ್ಕೂಲುಗಳಲ್ಲಿ ಮಕ್ಕಳನ್ನು ಆಡಿಸುತ್ತಿರುವ ಕನ್ನಡಿಗರಿಗೆ, ಮಗನಿಗೆ ಅವಕಾಶ ಹುಡುಕುವ ದಾರಿಯೆಂದು ಈ ಚಂದಾವನ್ನು ನಾನು ಶಿಫಾರಸು ಮಾಡುವುದಿಲ್ಲ. ಇದು ಅಭಿಮಾನಿಗಳಿಗಾಗಿ ಇರುವ ಸೇವೆ, ಆ ಕೆಲಸಕ್ಕೆ ಶಾಲೆಯ ಕೋಚ್ ಅವರನ್ನೇ ಕಾಣಬೇಕು. ಅಭಿಮಾನಿಗಳು ಡಿಸೆಂಬರ್‌ನ ಸಹಿ ಅವಧಿಗೆ ಮುಂಚಿನ ಎರಡು ತಿಂಗಳಿಗೆ ಚಂದಾ ಕಟ್ಟಿದರೆ ಸಾಕು. ಉಳಿದ ಕಾಲದಲ್ಲಿ ಉಚಿತ ಪುಟಗಳೇ ಧಾರಾಳ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆಯಲ್ಲಿ ಒಂದು ಪೂರ್ತಿ ಅಂಕ ಆ ರಿಕ್ರೂಟರ್ ಪಟ್ಟಿಯ ಲೆಕ್ಕಕ್ಕೆ.