ವಚನ, ಷಟ್ಪದಿ, ಮೊಬೈಲು: ನಾಲ್ಕು ಸಾಧನ ಬಳಸಿ ನೋಡಿದ ಮೇಲೆ

ಚಿತ್ರದುರ್ಗದ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ತರಗತಿಯಲ್ಲಿ 58 ಮಕ್ಕಳಿದ್ದಾರೆ. ಚಳ್ಳಕೆರೆ, ಹಿರಿಯೂರು, ಹೊಳಲ್ಕೆರೆ ಕಡೆಯ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬರುವವರೇ ಹೆಚ್ಚು. ಪದ್ಯ ಓದಿ "ಏನು ತೋಚುತ್ತೆ, ಹೇಳಿ" ಅಂದರೆ ಬಾಯಿ ಬಿಡುವವರು ಯಾವಾಗಲೂ ಅದೇ ಐದಾರು ಮಂದಿ. ಉಳಿದವರಿಗೆ ಹೇಳುವುದಕ್ಕೆ ಏನೂ ಇಲ್ಲ ಎಂದು ನಾನು ಒಂದು ದಿನವೂ ನಂಬಿಲ್ಲ. ಅವರ ಓದು ಹೊರಗೆ ಬರಲು ದಾರಿ ಬೇಕಿತ್ತು. ಕಳೆದ ಎರಡು ಸೆಮಿಸ್ಟರಿನಲ್ಲಿ ಆ ದಾರಿ ಹುಡುಕುತ್ತಾ ನಾಲ್ಕು ಸಾಧನ ಬಳಸಿ ನೋಡಿದೆ: ವಾಟ್ಸಾಪ್ ಗುಂಪು, ಪ್ಯಾಡ್ಲೆಟ್, ಹೈಪೋಥಿಸಿಸ್, ಗೂಗಲ್ ಡಾಕ್ಸ್.

ಹೋಲಿಕೆಯಲ್ಲಿ ಅನ್ಯಾಯ ಆಗಬಾರದು ಅಂತ ಮೊದಲ ಸುತ್ತಿಗೆ ನಾಲ್ಕಕ್ಕೂ ಒಂದೇ ಪಠ್ಯ ಇಟ್ಟೆ. ಬಸವಣ್ಣನವರ "ಉಳ್ಳವರು ಶಿವಾಲಯವ ಮಾಡುವರು" ವಚನ, "ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ" ಎಂದು ಮುಗಿಯುವುದು. ಸ್ಥಾವರ ಅಂದರೆ ನಿಂತಲ್ಲೇ ನಿಂತದ್ದು, ಜಂಗಮ ಅಂದರೆ ಚಲಿಸುವಂಥದ್ದು. ತರಗತಿಯನ್ನು ನಾಲ್ಕು ತಂಡ ಮಾಡಿ, ತಂಡಕ್ಕೊಂದು ಸಾಧನ ಕೊಟ್ಟೆ. ನಾನು ಗಮನಿಸುತ್ತಿದ್ದದ್ದು ಒಂದೇ ವಿಷಯ: ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ, ಮತ್ತೆ ವಚನದ ಸಾಲಿಗೆ ಹಿಂತಿರುಗುತ್ತಾರಾ? ಎಷ್ಟು ಜನ ಬರೆದರು, ಎಷ್ಟು ಸಲ ಬರೆದರು ಎಂಬ ಲೆಕ್ಕ ನನಗೆ ಅಷ್ಟು ಮುಖ್ಯವಾಗಿರಲಿಲ್ಲ.

ಪ್ಯಾಡ್ಲೆಟ್ ಎಂದರೆ ಎಲ್ಲರೂ ಚೀಟಿ ಅಂಟಿಸಬಹುದಾದ ಒಂದು ಗೋಡೆ. ಕೊಂಡಿ ಕಳಿಸಿದರೆ ಸಾಕು, ಮಕ್ಕಳು ಖಾತೆ ತೆರೆಯಬೇಕಾಗಿಲ್ಲ, ಹೆಸರು ಹಾಕದೆಯೂ ಬರೆಯಬಹುದು. ನಾನು ಕೇಳಿದ ಪ್ರಶ್ನೆ: ನಿಮ್ಮ ಕಣ್ಣಿಗೆ ದಿನಾ ಬೀಳುವ ಒಂದು ಸ್ಥಾವರ, ಒಂದು ಜಂಗಮ ಯಾವುದು? ಕಾಲು ಗಂಟೆಯಲ್ಲಿ ಗೋಡೆ ತುಂಬಿತು. 'ವಿದ್ಯುತ್ ಸ್ಥಾವರ' ಎಂದು ಮೂವರು ಬರೆದಿದ್ದರು. ಒಬ್ಬ ಹುಡುಗ ಮದುವೆ ಕರೆಯೋಲೆಯ ಮೂಲೆಯಲ್ಲಿದ್ದ 'ಜಂಗಮವಾಣಿ' ಎಂಬ ಪದದ ಫೋಟೋ ಹಾಕಿದ್ದ. ಇನ್ನೊಬ್ಬಳಿಗೆ ಜಂಗಮ ಅಂದರೆ ಮನೆಯ ಶುಭಕಾರ್ಯಕ್ಕೆ ಬರುವ ಅಯ್ಯನವರು, ಬೇರೆ ಅರ್ಥ ಇದೆ ಅಂತಲೇ ಆಕೆಗೆ ಗೊತ್ತಿರಲಿಲ್ಲ. ಹೆಸರಿಲ್ಲದ ಒಂದು ಚೀಟಿಯಲ್ಲಿ ಹೀಗಿತ್ತು: "ಜೋಗಿಮಟ್ಟಿ ಸಾಲಿನ ಗಾಳಿ ಫ್ಯಾನು. ಕಂಬ ನಿಂತೈತೆ, ರೆಕ್ಕೆ ತಿರುಗ್ತೈತೆ. ಇದು ಸ್ಥಾವರನೋ ಜಂಗಮನೋ?" ಇಷ್ಟು ವರ್ಷ ಆ ವಚನ ಪಾಠ ಮಾಡಿದ ನನಗೇ ಈ ಪ್ರಶ್ನೆ ಹೊಳೆದಿರಲಿಲ್ಲ. ಕೋಟೆಯ ಮೇಲೆ ನಿಂತರೆ ಆ ಗಾಳಿಯಂತ್ರಗಳು ಸಾಲಾಗಿ ಕಾಣುತ್ತವೆ, ನಾವೆಲ್ಲ ದಿನಾ ನೋಡುವಂಥವು.

ಆದರೆ ಮರುದಿನ ಆ ಗೋಡೆಯನ್ನು ಯಾರೂ ತೆರೆಯಲಿಲ್ಲ. ಹದಿನೈದು ಚೀಟಿ ಹದಿನೈದಾಗಿಯೇ ಉಳಿದವು, ಒಂದಕ್ಕೊಂದು ಮಾತಾಡಲಿಲ್ಲ. ಗಾಳಿ ಫ್ಯಾನಿನ ಪ್ರಶ್ನೆಯನ್ನು ತರಗತಿಯಲ್ಲಿ ನಾನೇ ಎತ್ತಬೇಕಾಯಿತು. ಪಾಠದ ಮೊದಲ ದಿನಕ್ಕೆ, ನಾಚಿಕೆ ಬಿಡಿಸುವುದಕ್ಕೆ ಪ್ಯಾಡ್ಲೆಟ್‌ನಂಥದ್ದು ಇನ್ನೊಂದಿಲ್ಲ. ಉಚಿತ ಖಾತೆಯಲ್ಲಿ ಕೆಲವೇ ಗೋಡೆ ಸಿಗುವುದರಿಂದ ಮುಗಿದ ಗೋಡೆಯ ಪ್ರತಿ ಉಳಿಸಿಕೊಂಡು ಅದನ್ನು ಅಳಿಸುತ್ತಾ ಹೋಗಬೇಕು.

ವಾಟ್ಸಾಪ್ ಎಲ್ಲರ ಕೈಯಲ್ಲೂ ಇರುವುದರಿಂದ ಕಲಿಸುವ ಕೆಲಸವೇ ಇಲ್ಲ. ಸಂಜೆ ಏಳರಿಂದ ಎಂಟರವರೆಗೆ ಚರ್ಚೆ ಭರ್ಜರಿಯಾಗಿ ನಡೆಯಿತು. ಎಂಟೂವರೆಗೆ ಬಸ್ಸಿಳಿದು ಮನೆ ಸೇರಿದ ಹುಡುಗಿಗೆ ಮಾತ್ರ ಎಲ್ಲಿಂದ ಓದಬೇಕು ಅಂತಲೇ ತಿಳಿಯಲಿಲ್ಲ. ಮಾತು ಮೇಲೆ ಹೋಗಿಬಿಡುತ್ತದೆ, ವಚನ ಅದಕ್ಕೂ ಮೇಲೆ ಹೋಗಿರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಫೋನ್ ನಂಬರಿನದು. ಗುಂಪಿಗೆ ಸೇರಿದರೆ ಎಲ್ಲರ ನಂಬರು ಎಲ್ಲರಿಗೂ ಕಾಣುತ್ತದೆ. ನಮ್ಮ ಕೆಲವು ಹೆಣ್ಣುಮಕ್ಕಳ ಫೋನು ಅಪ್ಪನದೋ ಅಣ್ಣನದೋ ಆಗಿರುತ್ತದೆ, ಮನೆಯಲ್ಲಿ ಒಪ್ಪುವುದಿಲ್ಲ. ಪಾಠದ ನೆಪದಲ್ಲಿ ಅವರನ್ನು ಆ ಇಕ್ಕಟ್ಟಿಗೆ ನೂಕುವ ಹಕ್ಕು ನನಗಿಲ್ಲ. ಆ ತಂಡದ ಇಬ್ಬರು ತಮ್ಮ ಮಾತನ್ನು ಗೆಳತಿಯ ಫೋನಿನಿಂದ ಕಳಿಸಿದರು. ಇಷ್ಟಾದರೂ ವಾಟ್ಸಾಪನ್ನು ನಾನು ಕೈಬಿಡಲಿಲ್ಲ. ಕಾರಣ ಮುಂದೆ ಬರುತ್ತದೆ.

ಹೈಪೋಥಿಸಿಸ್ ನಮ್ಮಲ್ಲಿ ಹೆಚ್ಚು ಜನ ಕೇಳಿರದ ಹೆಸರು. ಜಾಲತಾಣದಲ್ಲಿರುವ ಯಾವುದೇ ಪುಟದ ಮೇಲೆ, ಬೇಕಾದ ಪದವನ್ನೇ ಗುರುತು ಮಾಡಿ, ಅಂಚಿನಲ್ಲಿ ಟಿಪ್ಪಣಿ ಬರೆಯಲು ಬಿಡುವ ಮುಕ್ತ ತಂತ್ರಾಂಶ ಇದು. ನಮ್ಮದೇ ಖಾಸಗಿ ಗುಂಪು ಮಾಡಿಕೊಂಡರೆ ಹೊರಗಿನವರಿಗೆ ಕಾಣುವುದಿಲ್ಲ. ಓದಿನ ಆಳ ನೋಡಿದರೆ ನಾಲ್ಕರಲ್ಲಿ ಇದೇ ಮೊದಲು. ಒಬ್ಬಳು "ಎನ್ನ ಕಾಲೇ ಕಂಬ" ಎಂಬ ಮೂರು ಪದ ಮಾತ್ರ ಗುರುತು ಮಾಡಿ ಬರೆದಳು: "ಗುಡಿ ಕಂಬ ನಿಂತಲ್ಲೇ ಇರುತ್ತೆ. ಕಾಲು ನಡೀತದೆ. ಹಂಗಾದ್ರೆ ಈ ಗುಡಿ ನಡೀತದೆ." ಅದರ ಕೆಳಗೆ ಇನ್ನೊಬ್ಬ, "ಅದಕ್ಕೇ ಕೊನೆಗೆ ಜಂಗಮಕ್ಕಳಿವಿಲ್ಲ ಅಂದಿದ್ದು" ಎಂದು ಕೊನೆಯ ಸಾಲಿಗೆ ಕೈ ತೋರಿಸಿದ. ನಡುವಿನ ಸಾಲಿಂದ ಕೊನೆಯ ಸಾಲಿಗೆ ಸೇತುವೆ ಕಟ್ಟಿದವರು ಅವರೇ. ನಾನು ಬಾಯಿ ತೆರೆಯಲಿಲ್ಲ.

ಇಷ್ಟು ಒಳ್ಳೆಯದು ದಿನಬಳಕೆಗೆ ಒದಗದೆ ಹೋದದ್ದಕ್ಕೆ ಎರಡು ಕಾರಣ. ಮೊದಲನೆಯದು, ಇದು ಕಂಪ್ಯೂಟರಿಗೆ ಹೊಂದುವಷ್ಟು ಮೊಬೈಲಿಗೆ ಹೊಂದುವುದಿಲ್ಲ. ಪುಟವೂ ಅಂಚೂ ಸಣ್ಣ ಪರದೆಯಲ್ಲಿ ಒಟ್ಟಿಗೆ ಹಿಡಿಸುವುದಿಲ್ಲ. ನಮಗೆ ಲ್ಯಾಬ್ ಸಿಗುವುದು ವಾರಕ್ಕೆ ಒಂದು ತಾಸು. ಎರಡನೆಯದು ಕನ್ನಡದ್ದೇ ಸಮಸ್ಯೆ. ಪದವನ್ನು ಸರಿಯಾಗಿ ಗುರುತು ಮಾಡಬೇಕಾದರೆ ಪುಟದಲ್ಲಿ ಯೂನಿಕೋಡ್ ಅಕ್ಷರ, ಅಂದರೆ ಕಂಪ್ಯೂಟರು ಕನ್ನಡವೆಂದೇ ಗುರುತಿಸುವ ಅಕ್ಷರ, ಇರಬೇಕು. ವಚನ ಸಂಚಯ ಜಾಲತಾಣದಲ್ಲೋ ಕನ್ನಡ ವಿಕಿಸೋರ್ಸ್‌ನಲ್ಲೋ ಇರುವ ಪಠ್ಯಕ್ಕೆ ತೊಂದರೆ ಇಲ್ಲ. ಆದರೆ ನಮ್ಮ ಹಳೆಯ ಪುಸ್ತಕಗಳಲ್ಲಿ ಬಹಳಷ್ಟು ಸ್ಕ್ಯಾನ್ ಮಾಡಿದ ಚಿತ್ರಗಳು, ಅವುಗಳಲ್ಲಿ ಗುರುತು ಮಾಡಲು ಪದವೇ ಇರುವುದಿಲ್ಲ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಮಾಡಿದ ಪಿಡಿಎಫ್ ಆದರೆ ಕಣ್ಣಿಗೆ ಕನ್ನಡ ಕಾಣುತ್ತದೆ, ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ.

ಇನ್ನು ಗೂಗಲ್ ಡಾಕ್ಸ್, ಎಲ್ಲರೂ ಒಟ್ಟಿಗೆ ಬರೆದು ತಿದ್ದಬಹುದಾದ ಅಂತರ್ಜಾಲದ ಕಡತ. ಮೊದಲ ಸುತ್ತಿನಲ್ಲಿ ಅದರಿಂದ ಅಂಥದ್ದೇನೂ ಬರಲಿಲ್ಲ. ವಚನದ ಕೆಳಗೆ ಎಲ್ಲರೂ ಒಂದೊಂದು ಪ್ಯಾರಾ ಬರೆದು ಎದ್ದು ಹೋದರು, ಅದೂ ನೋಟ್ಸಿನ ಭಾಷೆಯಲ್ಲೇ. ಒಬ್ಬ ಗೊತ್ತಿಲ್ಲದೆ ಎಲ್ಲವನ್ನೂ ಆಯ್ದು ಅಳಿಸಿಬಿಟ್ಟ. ಹಳೆಯ ಆವೃತ್ತಿಗಳು ಉಳಿದಿರುವುದರಿಂದ ಎರಡು ನಿಮಿಷದಲ್ಲಿ ವಾಪಸು ತಂದೆವು, ಆದರೆ ಪಾಪ, ಆ ಹುಡುಗ ಆಮೇಲೆ ಒಂದಕ್ಷರ ಬರೆಯಲಿಲ್ಲ. ಅಂದಿನಿಂದ ಮೂಲ ಪಠ್ಯವಿರುವ ಕಡತಕ್ಕೆ ಕಾಮೆಂಟ್ ಮಾಡುವ ಅನುಮತಿ ಮಾತ್ರ ಕೊಡುತ್ತೇನೆ, ತಿದ್ದುವುದಕ್ಕೆ ಬೇರೆ ಕಡತ.

ಎರಡನೇ ಸುತ್ತಿಗೆ ಕುಮಾರವ್ಯಾಸನ ಕರ್ಣಾಟ ಭಾರತ ಕಥಾಮಂಜರಿಯ ಮೊದಲ ಪದ್ಯ ತೆಗೆದುಕೊಂಡೆ. ಡಾಕ್ಸ್ ಯಾತಕ್ಕೆ ಇದೆ ಎನ್ನುವುದು ಆಗ ಅರ್ಥವಾಯಿತು. ಭಾಮಿನಿ ಷಟ್ಪದಿಯ ಆರು ಸಾಲಿಗೆ ಆರು ಅಡ್ಡಸಾಲಿನ ಕೋಷ್ಟಕ ಹಾಕಿ, ಸಾಲಿಗೊಂದು ತಂಡ ಮಾಡಿ, ಪ್ರಸ್ತಾರ ಹಾಕಿ (ಪ್ರತಿ ಅಕ್ಷರಕ್ಕೆ ಲಘುವೋ ಗುರುವೋ ಎಂದು ಗುರುತು ಹಾಕಿ) ಗಣ, ಅಂದರೆ ಮಾತ್ರೆಗಳ ಗುಂಪು, ವಿಂಗಡಿಸಲು ಹೇಳಿದೆ. ಮಾತ್ರೆ ಎಂದರೆ ಉಚ್ಚಾರದ ಕಾಲದ ಅಳತೆ: ಲಘುವಿಗೆ ಒಂದು, ಗುರುವಿಗೆ ಎರಡು. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ ಮೂರು ನಾಲ್ಕು, ಮೂರು ನಾಲ್ಕರಂತೆ 14 ಮಾತ್ರೆ. ಮೂರು ಮತ್ತು ಆರನೇ ಸಾಲಿಗೆ 21 ಮಾತ್ರೆ, ಮೇಲೊಂದು ಗುರು, ಒಟ್ಟು 23. ಒಂದೇ ಕಡತದಲ್ಲಿ ನೂರು ಜನ ಏಕಕಾಲಕ್ಕೆ ತಿದ್ದಬಹುದು, ನಮ್ಮ 58ಕ್ಕೆ ಧಾರಾಳ.

ನಾಲ್ಕನೇ ಸಾಲಿನ ತಂಡ ಸಿಕ್ಕಿಬಿತ್ತು. "ರಾವಣಾಸುರ ಮಥನ ಶ್ರವಣ ಸು" ಎಂಬ ಸಾಲು ಅದು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಹೈಸ್ಕೂಲಿನಿಂದ ಕಲಿತಿದ್ದಾರೆ. 'ಶ್ರ'ದ ಹಿಂದೆ 'ನ' ಇದೆ. ಅದನ್ನು ಗುರು ಮಾಡಿದರೆ 15 ಆಗುತ್ತದೆ. "ಮೇಡಂ, ಒಂದು ಜಾಸ್ತಿ ಬರ್ತೈತೆ" ಎಂದು ಕಾಮೆಂಟ್ ಬಿತ್ತು. ಕೆಳಗೆ ಒಬ್ಬಳು "ಲಘು ಹಾಕು, ಸರಿ ಹೋಗುತ್ತೆ" ಅಂದಳು. "ಸರಿ ಹೋಗಲಿ ಅಂತ ಹಾಕೋಕಾಗಲ್ಲ, ಕಾರಣ ಬೇಕು" ಎಂದು ಮತ್ತೊಬ್ಬ. ಬೇರೆ ಸಾಲಿನ ತಂಡದವರೂ ಬಂದು ಸೇರಿದರು. ಹನ್ನೊಂದು ಕಾಮೆಂಟ್, ಎಲ್ಲವೂ ಆ ಒಂದು 'ನ'ಕಾರದ ಬಗ್ಗೆ. ರಾತ್ರಿ ಅದನ್ನು ಓದುತ್ತಾ ಕೂತಾಗ ನನಗಾದ ಸಂತೋಷ ಹೇಳತೀರದು. ಮುಂದಿನ ದಿನ ತೆರೆದರೂ ಮಾತು ಅದೇ ಅಕ್ಷರದ ಪಕ್ಕದಲ್ಲಿ ಕಾಯುತ್ತಿತ್ತು, ಎಲ್ಲೂ ಮುಳುಗಿ ಹೋಗಿರಲಿಲ್ಲ.

ಆ ಗಂಟು ಬಿಡಿಸಿದ್ದು ಮಾತ್ರ ವಾಟ್ಸಾಪ್. ಚಳ್ಳಕೆರೆ ಕಡೆಯ ಒಬ್ಬ ಹುಡುಗನ ಅಜ್ಜ ಬಯಲಾಟದಲ್ಲಿ ವೇಷ ಹಾಕುತ್ತಿದ್ದವರು, ಭಾರತ ಓದಿ ರೂಢಿ ಇರುವವರು. ಅವರಿಂದ ಆ ಪದ್ಯ ಹೇಳಿಸಿ ದನಿ ಸಂದೇಶ ಕಳಿಸಿದ. ಮುಕ್ಕಾಲು ನಿಮಿಷದ್ದು, ಹಿಂದೆ ಕೋಳಿ ಕೂಗು ಕೇಳುತ್ತಿತ್ತು. ಅಜ್ಜ 'ಮಥನ' ಎಂದು ಹಗುರಾಗಿ ಬಿಟ್ಟು, ಕೂದಲೆಳೆಯಷ್ಟು ತಡೆದು, 'ಶ್ರವಣ'ದ ಒತ್ತನ್ನು ತೇಲಿಸಿಬಿಟ್ಟರು. 'ನ'ದ ಮೇಲೆ ಭಾರವೇ ಬೀಳಲಿಲ್ಲ. ಪದ ಬೇರೆಯಾಗಿ, ಒತ್ತು ತೇಲಿದಾಗ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ ಎನ್ನುವುದನ್ನು ಮಕ್ಕಳು ಕಿವಿಯಿಂದ ಕಲಿತರು. ಕೊನೆಗೆ ಅಜ್ಜ, "ಲೆಕ್ಕ ಬರ್ಕೊಂಡು ಹಾಡಿಲ್ಲ ಕಣಪ್ಪ, ಹಾಡಿದ್ಮೇಲೆ ಲೆಕ್ಕ ಕೂಡ್ತೈತೆ" ಅಂದದ್ದೂ ಅದರಲ್ಲಿ ದಾಖಲಾಗಿತ್ತು. ದನಿಯನ್ನು ಇಷ್ಟು ಸಲೀಸಾಗಿ, ಕಡಿಮೆ ಡೇಟಾದಲ್ಲಿ, ಓದುಬರಹ ಬಾರದ ಹಿರಿಯರಿಂದಲೂ ತರಿಸಿಕೊಳ್ಳಲು ನಮಗೆ ಒದಗಿದ್ದು ವಾಟ್ಸಾಪ್ ಒಂದೇ.

ಕೀಬೋರ್ಡಿನ ಬಗ್ಗೆ ಒಂದು ಮಾತು. ಕನ್ನಡ ಟೈಪಿಂಗ್ ಬಾರದವರಿಗೆ ಮಾತಾಡಿದ್ದನ್ನು ಅಕ್ಷರ ಮಾಡುವ ಸೌಲಭ್ಯ ತೋರಿಸಿಕೊಟ್ಟೆ. ಆಡುಮಾತಿಗೆ ಅದು ಚೆನ್ನಾಗಿ ಒದಗುತ್ತದೆ, ನಡುಗನ್ನಡದ ಪದ ಹೇಳಿದರೆ ಇನ್ಯಾವುದೋ ಪದ ಬರೆಯುತ್ತದೆ. ಪದ್ಯದ ಪದಗಳಿಗೆ ಬೆರಳಲ್ಲಿ ಗೀಚುವ ಕೀಬೋರ್ಡೇ ವಾಸಿ.

ಒಂದೇ ಸಾಧನ ಆರಿಸಿಕೊಳ್ಳಬೇಕು ಅಂದರೆ ನಾನು ಡಾಕ್ಸ್ ಆರಿಸುತ್ತೇನೆ, ಆದರೆ ಕೆಲಸ ಸಣ್ಣದಾಗಿ, ಸಾಲಿಗೊಂದು ತಂಡ ಎಂಬಂತೆ ಹಂಚಿಕೊಡಲು ಸಾಧ್ಯವಿದ್ದರೆ ಮಾತ್ರ. ಸುಮ್ಮನೆ 'ಅಭಿಪ್ರಾಯ ಬರೆಯಿರಿ' ಅಂದರೆ ಅದರಲ್ಲಿ ನೋಟ್ಸೇ ಬರುತ್ತದೆ. ಲ್ಯಾಬ್ ವಾರಕ್ಕೆ ಎರಡು ಮೂರು ಸಲ ಸಿಗುವ ಕಾಲೇಜಿನವರು ಹೈಪೋಥಿಸಿಸ್ ಹಿಡಿಯಲಿ, ಅವರಿಗೆ ನನಗಿಂತ ಹೆಚ್ಚು ದಕ್ಕುತ್ತದೆ. 2024ರ ಕೊನೆಗೆ ಗೂಗಲ್ಲಿನ ಡಿಜಿಟಲ್ ಬರೆಯುವ ಹಲಗೆ ಜಾಮ್‌ಬೋರ್ಡ್ ನಿಂತುಹೋದದ್ದು ನೆನಪಿಟ್ಟುಕೊಂಡು, ಯಾವುದರಲ್ಲಿ ಬರೆಸಿದರೂ ಸೆಮಿಸ್ಟರ್ ಮುಗಿಯುವಾಗ ಪಿಡಿಎಫ್ ಮಾಡಿ ಇಟ್ಟುಕೊಳ್ಳುತ್ತೇನೆ.

ವಾಟ್ಸಾಪಿನಲ್ಲಿ ಈಗ ತರಗತಿಯ ಗುಂಪಿಲ್ಲ. ದನಿ ಸಂದೇಶ ನೇರ ನನಗೆ ಬರುತ್ತದೆ, ದನಿ ಕೊಟ್ಟವರ ಒಪ್ಪಿಗೆ ಪಡೆದು ನಾನು ಅದನ್ನು ಕಡತಕ್ಕೆ ಜೋಡಿಸುತ್ತೇನೆ. ಹೀಗಾಗಿ ಹೆಣ್ಣುಮಕ್ಕಳ ನಂಬರು ಹೊರಗೆ ಹೋಗುವುದಿಲ್ಲ. ನಾಲ್ಕನೇ ಸಾಲಿನ 'ನ'ಕಾರದ ಪಕ್ಕದಲ್ಲಿ ಅಜ್ಜನ ದನಿಯ ಕೊಂಡಿ ಇದೆ. ಕಾಮೆಂಟ್ ಮುಗಿಯಿತು ಎಂದು ಮುಚ್ಚಲು ಹೋದೆ. ಹನ್ನೆರಡನೆಯದು ಬಂದಿತ್ತು: "ಮೇಡಂ, ನಮ್ಮೂರಲ್ಲಿ ಇದನ್ನ ಬೇರೆ ಧಾಟಿಯಲ್ಲಿ ಹೇಳ್ತಾರೆ. ನಾಳೆ ನಮ್ಮಜ್ಜಿ ಹತ್ರ ಹೇಳಿಸಿ ಕಳಿಸ್ಲಾ?"